ಬಿದ್ದ ರಾಕೆಟ್ಟೂ ನಿಂತ ಸಂಸ್ಥೆಯೂ

ಒಂದು ತಂತಿಯ ಬಲವನ್ನು ತಿಳಿಯಬೇಕಾದರೆ ಅದಕ್ಕೆ ಭಾರವನ್ನು ಕಟ್ಟಿ ನೋಡಬೇಕು. ಮೊಳೆಯಿಂದ ಸುಮ್ಮನೆ ತೂಗಾಡುತ್ತಿರುವ ತಂತಿ ಉಕ್ಕಿನದಾದರೇನು, ಸೀಸದ್ದಾದರೇನು? ನೋಡುವವರಿಗೆ ಎರಡೂ ಒಂದೇ. ಅರ್ಧ ಕಿಲೋಗ್ರಾಮಿನ ಬಿಲ್ಲೆಗಳನ್ನು ಒಂದರ ಮೇಲೊಂದು ಏರಿಸುತ್ತ ಹೋದಾಗ ಮಾತ್ರ, ಯಾವುದು ಭಾರ ಇಳಿಸಿದೊಡನೆ ಮೊದಲಿನ ಉದ್ದಕ್ಕೆ ಮರಳುವುದು, ಯಾವುದು ಮರಳಿ ಬಾರದಂತೆ ಹಿಗ್ಗಿ ಹರಿಯುವುದು ಎಂಬುದು ಗೊತ್ತಾಗುತ್ತದೆ. ಮನುಷ್ಯರು ಕೂಡಿ ಕಟ್ಟಿಕೊಂಡ ಸಂಸ್ಥೆಗಳ ವಿಷಯದಲ್ಲಿಯೂ ಹೀಗೆಯೇ. ಎಲ್ಲವೂ ಸುಸೂತ್ರವಾಗಿರುವಾಗ ಒಳ್ಳೆಯ ಮುಂದಾಳಿಗೂ ಸಾಧಾರಣ ಮುಂದಾಳಿಗೂ ಇರುವ ಅಂತರ ಕಣ್ಣಿಗೆ ಬೀಳುವುದಿಲ್ಲ. ಸಂಕಟವೊದಗಿದ ದಿನ ಅದು ಗೋಚರವಾಗುವುದು.

ಇಂಥ ವಿಷಯಕ್ಕೆ ವಿಜ್ಞಾನದ ಮಾಸಪತ್ರಿಕೆಯಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಸಂಸ್ಥೆಗಳನ್ನು ನಡೆಸುವ ವಿದ್ಯೆ ವಾಣಿಜ್ಯಶಾಸ್ತ್ರದವರಿಗೆ ಸೇರಿದ್ದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸಂಕಟದಲ್ಲಿ ಮುಂದಾಳು ಮಾಡಬೇಕಾದ ಕೆಲಸವು, ಪ್ರಯೋಗ ಕೆಟ್ಟಾಗ ವಿಜ್ಞಾನಿ ಮಾಡುವ ಕೆಲಸಕ್ಕಿಂತ ಬೇರೆಯಲ್ಲವೆಂಬುದೇ ನಮ್ಮ ಅಭಿಪ್ರಾಯ. ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆ, ಅಂದರೆ ಎಲ್ಲರೂ ಕರೆಯುವ ಇಸ್ರೋ, ನಮ್ಮ ಕಣ್ಣೆದುರಿಗಿದೆ.

ಈ ಸಂಸ್ಥೆಯ ರಾಕೆಟ್ಟುಗಳು ಸಮುದ್ರಕ್ಕೆ ಬಿದ್ದ ಕತೆಯನ್ನು ತರಗತಿಯಲ್ಲಿ ಹೇಳಿದಾಗ, ನಲ್ಲೂರು ಮತ್ತು ಅದರ ಸುತ್ತಣ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ನಮ್ಮನ್ನು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಮೆ ಪ್ರತಿ ವರ್ಷವೂ ಒಂದೇ: “ತಪ್ಪು ಮಾಡಿದವರಿಗೆ ಏನು ಶಿಕ್ಷೆಯಾಯಿತು, ಸಾರ್?” ಪ್ರಶ್ನೆ ಸಹಜವಾದುದು. ಮನೆಯಲ್ಲಿ ಗಡಿಗೆ ಒಡೆದರೂ, ಶಾಲೆಯಲ್ಲಿ ಗಾಜು ಒಡೆದರೂ ನಾವು ಕೇಳಿ ಬೆಳೆದ ಮಾತು “ಯಾರು ಮಾಡಿದ್ದು?” ಎಂಬುದೇ. ಆದರೆ ಸಂಕಟದಲ್ಲಿ ಈ ಪ್ರಶ್ನೆಯನ್ನು ಮೊದಲು ಕೇಳಿದ ಮುಂದಾಳಿಗೆ “ಏನಾಯಿತು?” ಎಂಬುದರ ಉತ್ತರ ಎಂದಿಗೂ ಸಿಕ್ಕುವುದಿಲ್ಲ.

1979ರ ಆಗಸ್ಟ್ 10

ಅಂದು ಶ್ರೀಹರಿಕೋಟೆಯಿಂದ ಎಸ್.ಎಲ್.ವಿ.-3 ಎಂಬ ವಾಹನ ಮೊದಲ ಸಲ ಮೇಲೇರಿತು. ಉಪಗ್ರಹವನ್ನು ಕಕ್ಷೆಗೆ ಸೇರಿಸುವುದಕ್ಕಾಗಿ ಭಾರತದಲ್ಲಿಯೇ ರೂಪಿಸಿದ ಪ್ರಥಮ ವಾಹನ ಅದು. ನಾಲ್ಕು ಹಂತಗಳದು, ಸುಮಾರು 22 ಮೀಟರ್ ಎತ್ತರ, 17 ಟನ್ ತೂಕ. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಸಂಸ್ಥೆಯ ಅಧ್ಯಕ್ಷರು ಸತೀಶ್ ಧವನ್. ಆಗ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದರು.

ಮೊದಲನೆಯ ಹಂತ ಸರಿಯಾಗಿಯೇ ಉರಿಯಿತು. ಎರಡನೆಯದರಲ್ಲಿ ವಾಹನ ಹತೋಟಿ ತಪ್ಪಿತು. 317 ಸೆಕೆಂಡುಗಳಲ್ಲಿ ಎಲ್ಲವೂ ಮುಗಿದು, ವಾಹನವೂ ಉಪಗ್ರಹವೂ ಬಂಗಾಳ ಕೊಲ್ಲಿಯ ಪಾಲಾದವು. ಬಳಿಕ ನಡೆದ ವಿಚಾರಣೆಯಲ್ಲಿ ತಿಳಿದುಬಂದುದು ಇದು: ಎರಡನೆಯ ಹಂತವನ್ನು ನೆಟ್ಟಗೆ ನಿಲ್ಲಿಸುವ ಸಣ್ಣ ಚಿಮ್ಮುಗೊಳವೆಗಳಿಗೆ ನೈಟ್ರಿಕ್ ಆಮ್ಲವನ್ನು ಒದಗಿಸುವ ವ್ಯವಸ್ಥೆಯಲ್ಲಿ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳದೆ ಹೋಗಿತ್ತು. ನೆಲದ ಮೇಲಿದ್ದಾಗಲೇ ಆಮ್ಲ ಸೋರಿಹೋಯಿತು. ಎದುರು ದಿಕ್ಕಿಗೆ ಚಿಮ್ಮಬೇಕಾದ ದ್ರವ್ಯವೇ ಇಲ್ಲದ ಮೇಲೆ ನ್ಯೂಟನ್ನನ ಮೂರನೆಯ ನಿಯಮ ತಾನೇ ಏನು ಮಾಡೀತು? ವಾಲಿದ ವಾಹನವನ್ನು ತಿದ್ದುವ ಬಲ ಹುಟ್ಟಲಿಲ್ಲ. ಹಾರುವುದಕ್ಕೆ ಮುಂಚಿನ ಕೊನೆಯ ನಿಮಿಷಗಳಲ್ಲಿ ಗಣಕಯಂತ್ರ ತಡೆ ಹಾಕಿತ್ತೆಂದೂ, ತಜ್ಞರ ಸಲಹೆ ಪಡೆದು ಅದನ್ನು ಮೀರಿ ವಾಹನವನ್ನು ಬಿಡುವ ನಿರ್ಧಾರ ತಮ್ಮದೇ ಆಗಿತ್ತೆಂದೂ ಕಲಾಂ ಅವರು ಮುಂದೆ ಅನೇಕ ಭಾಷಣಗಳಲ್ಲಿ ತಾವಾಗಿಯೇ ಹೇಳಿದ್ದಾರೆ.

ಅಂದು ಪತ್ರಿಕಾಕರ್ತರು ಕಾದು ಕುಳಿತಿದ್ದರು. ಅವರೆದುರಿಗೆ ಹೋಗಿ ಕುಳಿತವರು ಅಧ್ಯಕ್ಷರಾದ ಧವನ್. ಸೋಲಿನ ಹೊಣೆಯನ್ನು ತಮ್ಮ ಮೇಲೆ ಹಾಕಿಕೊಂಡು, ತಂಡದಲ್ಲಿ ತಮಗೆ ನಂಬಿಕೆಯಿದೆಯೆಂದೂ ಮುಂದಿನ ಸಲ ಗೆಲ್ಲುವೆವೆಂದೂ ಹೇಳಿದರು. ಮರುವರ್ಷ, 1980ರ ಜುಲೈ 18ರಂದು, ಅದೇ ಬಗೆಯ ವಾಹನ 35 ಕಿಲೋಗ್ರಾಮಿನ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಿಕಾಕರ್ತರೊಡನೆ ಮಾತನಾಡಲು ಧವನ್ ಅವರು ಕಳುಹಿಸಿದ್ದು ಕಲಾಂ ಅವರನ್ನು. ಈ ಸಂಗತಿಯನ್ನೂ ಜಗತ್ತಿಗೆ ತಿಳಿಸಿದವರು ಕಲಾಂ ಅವರೇ.

ಇದನ್ನು ಸಾಮಾನ್ಯವಾಗಿ ಔದಾರ್ಯದ ಕತೆಯೆಂದು ಹೇಳುವ ವಾಡಿಕೆ. ಔದಾರ್ಯವೇನೋ ಹೌದು, ಆದರೆ ಅದಕ್ಕಿಂತ ಹೆಚ್ಚಿನದೊಂದು ಇದರಲ್ಲಿದೆಯೆಂದು ನಮಗೆ ತೋರುತ್ತದೆ. ಅಧ್ಯಕ್ಷರು ಅಂದು ಕೆಳಗಿನವರೊಬ್ಬರತ್ತ ಬೆರಳು ತೋರಿಸಿದ್ದರೆ, ಕವಾಟದ ಬಳಿ ಕೆಲಸ ಮಾಡಿದ ಪ್ರತಿಯೊಬ್ಬನೂ ಮರುದಿನದಿಂದ ತನ್ನನ್ನು ಉಳಿಸಿಕೊಳ್ಳುವ ಮಾತನ್ನಷ್ಟೇ ಆಡುತ್ತಿದ್ದನು. ಆಗ ಆಮ್ಲ ಯಾವ ಗಳಿಗೆಯಲ್ಲಿ ಸೋರಿತೆಂಬ ಸತ್ಯ ಹೊರಬೀಳುತ್ತಿತ್ತೆ? ಹೊರಗಿನ ನಿಂದೆಯನ್ನು ಮೇಲಿನವನು ತಡೆದುದರಿಂದ ಒಳಗಿನವರು ನಿರ್ಭಯವಾಗಿ ಸತ್ಯವನ್ನು ಹುಡುಕಬಹುದಾಯಿತು. ಮರುವರ್ಷದ ಗೆಲುವಿಗೆ ಇದೂ ಒಂದು ಕಾರಣವೆಂದೇ ನಮ್ಮ ನಂಬಿಕೆ.

ಎರಡು ಸಲ ಬಿದ್ದ ವಾಹನ

ಒಂದು ಸೋಲನ್ನು ತಾಳಿಕೊಳ್ಳುವುದು ಅಷ್ಟು ಕಷ್ಟವಲ್ಲ. ಮೇಲಿಂದ ಮೇಲೆ ಎರಡು ಸೋಲುಗಳು ಬಂದಾಗ ಸಂಸ್ಥೆಯ ಧೃತಿಯೇ ಕುಸಿಯುವ ಭಯವಿರುತ್ತದೆ. ಈ ಪರೀಕ್ಷೆಗೆ ಗುರಿಯಾದವರು ಕನ್ನಡಿಗರೇ ಆದ ಉಡುಪಿ ರಾಮಚಂದ್ರ ರಾವ್. ಅವರು 1932ರಲ್ಲಿ ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಪೀಣ್ಯದ ಕಾರ್ಖಾನೆ ಷೆಡ್ಡುಗಳಲ್ಲಿ ಎಳೆಯ ಎಂಜಿನಿಯರುಗಳನ್ನು ಕೂಡಿಸಿಕೊಂಡು, 360 ಕಿಲೋಗ್ರಾಮಿನ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದವರು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದ ಆ ಉಪಗ್ರಹದ ವಿದ್ಯುತ್ ವ್ಯವಸ್ಥೆ ಕೆಲವೇ ದಿನಗಳಲ್ಲಿ ಕೆಟ್ಟು, ಅದರಲ್ಲಿದ್ದ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಆದರೂ ಉಪಗ್ರಹವನ್ನು ಕಟ್ಟುವ ಮತ್ತು ನಡೆಸುವ ವಿದ್ಯೆ ತಂಡಕ್ಕೆ ದಕ್ಕಿತು.

1984ರಲ್ಲಿ ರಾವ್ ಅವರು ಸಂಸ್ಥೆಯ ಅಧ್ಯಕ್ಷರಾದರು. 1987ರ ಮಾರ್ಚ್ 24ರಂದು ಎ.ಎಸ್.ಎಲ್.ವಿ. ಎಂಬ ಹೊಸ ವಾಹನ ಮೇಲೇರಿತು. ಮೊದಲು ಇಕ್ಕೆಲದ ಎರಡು ಪೂರಕ ರಾಕೆಟ್ಟುಗಳು ಉರಿಯಬೇಕು, ಅವು ಮುಗಿಯುವಾಗ ನಡುವಿನ ಮುಖ್ಯ ರಾಕೆಟ್ಟು ಹೊತ್ತಿಕೊಳ್ಳಬೇಕು. ಹೀಗಿತ್ತು ಅದರ ಏರ್ಪಾಟು. ನಡುವಿನದು ಹೊತ್ತಲೇ ಇಲ್ಲ. ಹೊತ್ತಿಸುವ ಮಂಡಲದಲ್ಲಿ ದೋಷವಿರಬಹುದಾದ ಜಾಗಗಳನ್ನೆಲ್ಲ ಪರೀಕ್ಷಿಸಿ ಭದ್ರಪಡಿಸಿದ ಮೇಲೆ, 1988ರ ಜುಲೈ 13ರಂದು ಎರಡನೆಯ ಸಲ ಬಿಟ್ಟರು. ಈ ಬಾರಿ ನಡುವಿನ ರಾಕೆಟ್ಟು ಹೊತ್ತಿತು. ಆದರೂ ಒಂದು ನಿಮಿಷ ತುಂಬುವ ಮೊದಲೇ ವಾಹನ ಓಲಾಡಿ ಮುರಿದುಬಿದ್ದಿತು. ಇದು ಸಮುದ್ರವನ್ನು ಪ್ರೀತಿಸುವ ವಾಹನವೆಂದು ಕುಹಕಿಗಳು ನಕ್ಕರು.

ಎರಡನೆಯ ಸೋಲಿನ ಕಾರಣವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಮೇಲೇರುವ ರಾಕೆಟ್ಟಿನ ಮೇಲೆ ಗಾಳಿ ಒಡ್ಡುವ ಒತ್ತಡವು, ಗಾಳಿಯ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಮಾಡಿದಷ್ಟು ಇರುತ್ತದೆ. ಏರುತ್ತ ಹೋದಂತೆ ವೇಗ ಹೆಚ್ಚುತ್ತದೆ, ಸಾಂದ್ರತೆ ಇಳಿಯುತ್ತದೆ. ಆದುದರಿಂದ ನಡುವೆ ಎಲ್ಲಿಯೋ ಒಂದೆಡೆ ಒತ್ತಡ ಪರಮಾವಧಿಗೆ ಮುಟ್ಟುತ್ತದೆ. ಪಕ್ಕದ ರಾಕೆಟ್ಟುಗಳ ಬಲ ಕುಂದುವ ಮತ್ತು ನಡುವಿನದರ ಬಲ ಇನ್ನೂ ಕೂಡಿಬಾರದ ಗಳಿಗೆ, ಗಾಳಿಯ ಒತ್ತಡ ಮಿಕ್ಕಿದ ಈ ಹೊತ್ತಿಗೇ ಬಂದಿತು. ಕಡಿದಾದ ಏರಿನ ನಡುವೆ ಗಾಡಿಯ ಎತ್ತುಗಳನ್ನು ಬಿಚ್ಚಿ ಬೇರೆ ಎತ್ತುಗಳನ್ನು ಹೂಡುವುದಕ್ಕೆ ಇದನ್ನು ಹೋಲಿಸಬಹುದು. ಆ ಒಂದು ಗಳಿಗೆ ವಾಹನವನ್ನು ಹತೋಟಿಯಲ್ಲಿಡುವವರೇ ಇರಲಿಲ್ಲ. ಈ ದೋಷ ಮೊದಲನೆಯ ವಾಹನದಲ್ಲಿಯೂ ಅಡಗಿದ್ದಿತು. ಅದಕ್ಕೆ ಮೊದಲೇ ಬೇರೆ ದೋಷದಿಂದ ವಾಹನ ಕೆಟ್ಟದ್ದರಿಂದ ಇದು ಕಾಣಿಸಿಕೊಂಡಿರಲಿಲ್ಲ.

ಈಗ ಮುಂದಾಳು ಏನು ಮಾಡಬೇಕು? ಯೋಜನೆಯನ್ನು ಕೈಬಿಡುವುದು ಒಂದು ದಾರಿ. ನಗುವವರ ಬಾಯಿ ಮುಚ್ಚಿಸಲು ಅವಸರದಿಂದ ಮೂರನೆಯದನ್ನು ಹಾರಿಸುವುದು ಇನ್ನೊಂದು ದಾರಿ. ರಾವ್ ಅವರ ಸಂಸ್ಥೆ ಎರಡನ್ನೂ ಮಾಡಲಿಲ್ಲ. ಹೊರಗಿನ ಪರಿಣತರನ್ನೂ ಕೂಡಿಸಿಕೊಂಡು ವಿನ್ಯಾಸವನ್ನೆಲ್ಲ ಮತ್ತೆ ತೂಗಿ ನೋಡಿದರು. ವಾಹನಕ್ಕೆ ಸ್ಥಿರತೆ ಕೊಡುವ ರೆಕ್ಕೆಗಳನ್ನು ಜೋಡಿಸಿದರು. ನಡುವಿನ ರಾಕೆಟ್ಟನ್ನು ಮೊದಲೇ ಗೊತ್ತುಮಾಡಿದ ಹೊತ್ತಿಗೆ ಹೊತ್ತಿಸುವ ಬದಲು, ಪಕ್ಕದವುಗಳ ಬಲ ಇಳಿಯುತ್ತಿರುವುದನ್ನು ವಾಹನವೇ ಅಳೆದು ತಿಳಿದು ಹೊತ್ತಿಸುವ ಏರ್ಪಾಟು ಮಾಡಿದರು. ಇದಕ್ಕೆ ಹಿಡಿದದ್ದು ಸುಮಾರು ನಾಲ್ಕು ವರ್ಷ. 1992ರ ಮೇ 20ರಂದು ಮೂರನೆಯ ವಾಹನ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಕಕ್ಷೆ ಎಣಿಸಿದ್ದಕ್ಕಿಂತ ಕೆಳಗಿನದಾಗಿತ್ತು; ಅದನ್ನೂ ತಿದ್ದಿಕೊಂಡು 1994ರ ಮೇ 4ರಂದು ನಾಲ್ಕನೆಯದನ್ನು ಹಾರಿಸಿದರು.

ಈ ಮಧ್ಯೆ, 1993ರ ಸೆಪ್ಟೆಂಬರ್ 20ರಂದು, ಅದಕ್ಕಿಂತ ಬಹು ದೊಡ್ಡದಾದ ಪಿ.ಎಸ್.ಎಲ್.ವಿ. ವಾಹನವೂ ಮೊದಲ ಹಾರಾಟದಲ್ಲಿ ಸೋತಿತು. ನಿಯಂತ್ರಣದ ಗಣಕಕ್ರಮದಲ್ಲಿದ್ದ ಒಂದು ದೋಷ ಅದಕ್ಕೆ ಮುಖ್ಯ ಕಾರಣವಾಗಿತ್ತು. ಆದರೆ ಅದೇ ಹಾರಾಟದಲ್ಲಿ ಭಾರಿ ಮೊದಲ ಹಂತವೂ ದ್ರವ ಇಂಧನದ ಎರಡನೆಯ ಹಂತದ ಎಂಜಿನ್ನೂ ಚೆನ್ನಾಗಿ ಕೆಲಸ ಮಾಡಿದ್ದವು. ಕೆಟ್ಟದ್ದೆಷ್ಟು, ಕೆಡದೆ ಉಳಿದದ್ದೆಷ್ಟು ಎಂಬುದನ್ನು ಬೇರೆ ಬೇರೆ ಮಾಡಿ ನೋಡಿದುದರಿಂದ, ಹದಿಮೂರು ತಿಂಗಳೊಳಗೆ, 1994ರ ಅಕ್ಟೋಬರ್ 15ರಂದು, ಎರಡನೆಯ ವಾಹನ ಗೆದ್ದಿತು. 2008ರಲ್ಲಿ ಚಂದ್ರನ ಕಡೆಗೂ 2013ರಲ್ಲಿ ಮಂಗಳನ ಕಡೆಗೂ ನಮ್ಮ ನೌಕೆಗಳನ್ನು ಕಳುಹಿಸಿದ್ದು ಈ ಪಿ.ಎಸ್.ಎಲ್.ವಿ.ಯೇ. ಇಷ್ಟು ಪಳಗಿದ ವಾಹನವೂ 2025ರ ಮೇ 18ರಂದು ಮೂರನೆಯ ಹಂತದಲ್ಲಿ ಎಡವಿತೆಂಬುದನ್ನು ಮರೆಯಕೂಡದು. ಒಮ್ಮೆ ಪಡೆದ ಗೆಲುವು ಎಂದೆಂದಿಗೂ ರಕ್ಷಣೆ ಕೊಡದು.

ಮೇಲಕ್ಕೇರದ ಮಾತು

ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದಲ್ಲಿ ದೊರೆಯುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ಎಂಬ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ನಾಶವಾಗಿ, ಅದರಲ್ಲಿದ್ದ ಏಳು ಮಂದಿಯೂ ಸತ್ತರು. ಪಕ್ಕದ ರಾಕೆಟ್ಟಿನ ಬೆಸುಗೆಯನ್ನು ಬಿಗಿಮಾಡುವ ರಬ್ಬರಿನ ಬಳೆ ಚಳಿಗೆ ಗಡುಸಾಗಿ, ಬಿಸಿಯಾದ ಅನಿಲಗಳನ್ನು ಹೊರಗೆ ಬಿಟ್ಟಿತ್ತು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅಂಥ ರಬ್ಬರಿನ ತುಂಡನ್ನು ವಿಚಾರಣಾ ಸಭೆಯಲ್ಲಿಯೇ ಹಿಮದ ನೀರಿನ ಲೋಟದಲ್ಲಿ ಅದ್ದಿ ಈ ಸಂಗತಿಯನ್ನು ತೋರಿಸಿಕೊಟ್ಟನು.

ಈ ಅಪಾಯ ಯಾರಿಗೂ ಗೊತ್ತಿಲ್ಲದ್ದಲ್ಲ. ಹಿಂದಿನ ರಾತ್ರಿಯೇ ಆ ರಾಕೆಟ್ಟುಗಳನ್ನು ತಯಾರಿಸಿದ ಕಂಪನಿಯ ಎಂಜಿನಿಯರುಗಳು, ಇಷ್ಟು ಚಳಿಯಲ್ಲಿ ಹಾರಿಸಬೇಡಿರೆಂದು ವಾದಿಸಿದ್ದರು. ಎಂಜಿನಿಯರನಂತೆ ಯೋಚಿಸುವುದನ್ನು ಬಿಟ್ಟು ನಿರ್ವಾಹಕನಂತೆ ಯೋಚಿಸೆಂದು ಮೇಲಿನವರೊಬ್ಬರು ತಮ್ಮ ಕೈಕೆಳಗಿನ ಹಿರಿಯ ಎಂಜಿನಿಯರಿಗೆ ಹೇಳಿದರು. ಸಲಹೆ ಬದಲಾಯಿತು, ನೌಕೆ ಹೊರಟಿತು. ಅಲ್ಲಿ ಜ್ಞಾನಕ್ಕೆ ಕೊರತೆಯಿರಲಿಲ್ಲ, ಹಣಕ್ಕಂತೂ ಮೊದಲೇ ಇರಲಿಲ್ಲ. ಕೆಳಗಿದ್ದ ಸತ್ಯಕ್ಕೆ ಮೇಲೇರಲು ದಾರಿಯಿರಲಿಲ್ಲ, ಅಷ್ಟೆ.

ಕೆಲವು ಆಕ್ಷೇಪಣೆಗಳು

ಸಂಕಟದ ಗಳಿಗೆಯಲ್ಲಿ ಎಲ್ಲರ ಮಾತನ್ನೂ ಕೇಳುತ್ತ ಕುಳಿತರೆ ಮನೆ ಸುಟ್ಟುಹೋಗುತ್ತದೆ, ಆಗ ಬೇಕಾದುದು ಒಬ್ಬನ ದೃಢವಾದ ಅಪ್ಪಣೆ ಎನ್ನುವವರಿದ್ದಾರೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ದಿಕ್ಕು ತಪ್ಪಿ ಜನವಸತಿಯತ್ತ ತಿರುಗಿದ ರಾಕೆಟ್ಟನ್ನು ನಾಶಮಾಡುವ ನಿರ್ಧಾರವನ್ನು ಸಭೆ ಸೇರಿ ಮಾಡಲಾಗದು, ಸೆಕೆಂಡುಗಳಲ್ಲಿ ಮಾಡಬೇಕು. ಆದರೆ ಯಾವ ಸ್ಥಿತಿಯಲ್ಲಿ ಏನು ಮಾಡತಕ್ಕದ್ದೆಂಬ ನಿಯಮಗಳನ್ನು ಶಾಂತವಾಗಿದ್ದ ಕಾಲದಲ್ಲಿ ಹಲವರು ಕೂಡಿ, ವಾದಿಸಿ ಬರೆದಿಟ್ಟಿರುವುದರಿಂದಲೇ ಆ ಅಧಿಕಾರಿಗೆ ಅಷ್ಟು ಶೀಘ್ರವಾಗಿ ಕೆಲಸಮಾಡುವುದು ಸಾಧ್ಯ. 1970ರ ಏಪ್ರಿಲಿನಲ್ಲಿ ಅಪೊಲೊ-13ರ ಆಮ್ಲಜನಕದ ತೊಟ್ಟಿ ಒಡೆದಾಗ ಮೂವರು ಯಾತ್ರಿಕರು ಜೀವಸಹಿತ ಮರಳಿದ್ದೂ ಇಂಥ ಪೂರ್ವಾಭ್ಯಾಸದ ಬಲದಿಂದ. ಸಂಕಟದಲ್ಲಿ ತೋರುವ ಚುರುಕನ್ನು ಅದಕ್ಕೆ ಮುಂಚೆಯೇ ಗಳಿಸಿಟ್ಟಿರಬೇಕು.

ಎರಡನೆಯ ಆಕ್ಷೇಪಣೆ: ಶಿಕ್ಷೆಯಿಲ್ಲದಿದ್ದರೆ ಉದಾಸೀನ ಬೆಳೆಯುವುದಿಲ್ಲವೆ? ಶಿಕ್ಷೆಯೇ ಕೂಡದೆಂದು ನಾವು ಹೇಳುತ್ತಿಲ್ಲ. ತಿಳಿದೂ ಮರೆಮಾಚಿದವನಿಗೂ ಸುಳ್ಳು ಲೆಕ್ಕ ಬರೆದವನಿಗೂ ಶಿಕ್ಷೆಯಾಗಲೇಬೇಕು. ಆದರೆ ಪ್ರಾಮಾಣಿಕವಾಗಿ ದುಡಿದು ತಪ್ಪಿದವನನ್ನೂ, ತಪ್ಪನ್ನು ಬಚ್ಚಿಟ್ಟವನನ್ನೂ ಒಂದೇ ಕೋಲಿನಿಂದ ಹೊಡೆದರೆ, ಮುಂದಿನ ಸಲ ಮೊದಲನೆಯವನೂ ಬಚ್ಚಿಡುವುದನ್ನು ಕಲಿಯುತ್ತಾನೆ.

ಮೂರನೆಯದು, ಇಸ್ರೋ ಸರಕಾರದ ಸಂಸ್ಥೆ, ಅದಕ್ಕೆ ನಾಲ್ಕು ವರ್ಷ ಕಾಯುವ ಅನುಕೂಲವಿತ್ತು, ಸಾಲದ ಮೇಲೆ ನಡೆಯುವ ಕಾರ್ಖಾನೆಗೆ ಅದಿಲ್ಲ ಎಂಬುದು. ಈ ಮಾತನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ತಾಳ್ಮೆಗೆ ಹಣದ ಆಸರೆ ಬೇಕು. ಆದರೆ ಸಣ್ಣ ಸಂಸ್ಥೆಗೆ ಕಾಲಾವಕಾಶ ಕಡಮೆಯಿರುವುದರಿಂದಲೇ, ನಿಜವಾದ ಕಾರಣವನ್ನು ಬೇಗನೆ ತಿಳಿಯುವ ಅಗತ್ಯ ಅದಕ್ಕೆ ಇನ್ನೂ ಹೆಚ್ಚು. ನಮ್ಮ ಕಡೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವನ್ನೇ ಕಲ್ಪಿಸಿಕೊಳ್ಳೋಣ. ಮೂರು ದಿನ ಒಂದೇ ಸಮನೆ ಶೀತಲೀಕರಣ ಕೇಂದ್ರದಿಂದ ಹಾಲಿನ ಕ್ಯಾನುಗಳು ಹುಳಿಯಾಗಿವೆಯೆಂದು ಹಿಂದಿರುಗಿದವೆನ್ನಿ. ಕಾರ್ಯದರ್ಶಿ ಹಾಲು ಪರೀಕ್ಷಿಸುವ ಹುಡುಗನನ್ನು ಬೈದು ಬಿಡಿಸಿದರೆ ಎಲ್ಲರ ಸಿಟ್ಟೂ ತಣಿಯಬಹುದು. ನಾಲ್ಕನೆಯ ದಿನ ಹಾಲು ಮತ್ತೆ ಹುಳಿಯಾಗುತ್ತದೆ. ಹಾಲು ಕರೆದ ಹೊತ್ತೇನು, ಕ್ಯಾನು ತೊಳೆದ ನೀರು ಯಾವುದು, ಲಾರಿ ಎಷ್ಟು ತಡವಾಯಿತು ಎಂದು ಒಂದೊಂದನ್ನೇ ಬರೆದು, ಒಂದೊಂದನ್ನೇ ಬದಲಿಸಿ ನೋಡಿದರೆ ಕಾರಣ ಸಿಕ್ಕೀತು. ತೊಳೆಯುವಾಗ ಅವಸರಪಟ್ಟವನು ಅದನ್ನು ಬಾಯಿಬಿಟ್ಟು ಹೇಳುವಂತಿರಬೇಕು. ಇದು ಪ್ರಯೋಗಶಾಲೆಯ ವಿಧಾನವೇ ಹೊರತು ಬೇರೆಯಲ್ಲ.

ಚಂದ್ರನ ಮೇಲೆ ಇಳಿಯುವ ಪ್ರಯತ್ನದಲ್ಲಿಯೂ ಇದೇ ವಿಧಾನ ಫಲ ಕೊಟ್ಟಿತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆ ನೆಲ ಮುಟ್ಟುವ ಮೊದಲೇ ಸಂಪರ್ಕ ಕಡಿದುಕೊಂಡಿತು. ಎಂಜಿನ್ನುಗಳ ನೂಕುಬಲ ಎಣಿಕೆಗಿಂತ ಹೆಚ್ಚಾಗಿದ್ದಿತು, ತಪ್ಪುಗಳು ಒಂದಕ್ಕೊಂದು ಕೂಡಿಕೊಂಡವು, ಇಳಿಯಲು ಗೊತ್ತುಮಾಡಿದ ಜಾಗ 500 ಮೀಟರ್ ಚೌಕದಷ್ಟು ಕಿರಿದಾಗಿತ್ತು ಎಂದು ಸಂಸ್ಥೆಯ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಬಹಿರಂಗವಾಗಿಯೇ ವಿವರಿಸಿದರು. ಹಿಂದಿನ ಸಲ ಎಲ್ಲವೂ ಸರಿಯಾಗಿ ನಡೆದರೆ ಹೇಗೆಂದು ಯೋಚಿಸಿದ್ದೆವು, ಈ ಸಲ ಏನೇನು ಕೆಡಬಹುದೆಂದು ಯೋಚಿಸಿದ್ದೇವೆ ಎಂಬುದು ಅವರ ಮಾತಿನ ತಾತ್ಪರ್ಯ. ಹೊಸ ನೌಕೆಯ ಕಾಲುಗಳನ್ನು ಬಲಪಡಿಸಿದರು, ಇಂಧನವನ್ನು ಹೆಚ್ಚಿಸಿದರು, ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಸುರಕ್ಷಿತವಾಗಿ ಇಳಿಯಿತು. ಇದನ್ನು ನಿರ್ಮಿಸಿದ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗಿರುವುದು ಯು.ಆರ್. ರಾವ್ ಅವರ ಹೆಸರು.

ನಮ್ಮ ಪ್ರಯೋಗದ ಪುಸ್ತಕ

ನಲ್ಲೂರಿನ ಹುಣಸೆ ತೋಪನ್ನು ನೋಡಿದವರು, ನಡುಗಾಂಡವೆಲ್ಲ ಟೊಳ್ಳಾದ ಮುದಿಮರಗಳು ಇನ್ನೂ ಚಿಗುರಿ ಕಾಯಿ ಬಿಡುವುದನ್ನು ಕಂಡಿರಬಹುದು. 54 ಎಕರೆಯ ಈ ತೋಪು 2007ರಲ್ಲಿ ನಮ್ಮ ದೇಶದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಟೊಳ್ಳಾದ ಮರ ಬದುಕುವುದರಲ್ಲಿ ಪವಾಡವೇನೂ ಇಲ್ಲ. ಮರದ ನಡುವಿನ ಚೇಗು ಜೀವವಿಲ್ಲದ ಭಾಗ. ಜೀವವಿರುವುದು ತೊಗಟೆಯ ಕೆಳಗಿನ ತೆಳುವಾದ ಪದರದಲ್ಲಿ. ಚೇಗು ಕೊಳೆತುಹೋದರೂ ಮರ ಉಳಿದೀತು. ಆ ತೆಳುಪದರವನ್ನು ಸುತ್ತಲೂ ಕೆತ್ತಿದರೆ ಚೇಗು ಎಷ್ಟು ಗಟ್ಟಿಯಾಗಿದ್ದರೂ ಮರ ಒಣಗುತ್ತದೆ. ಸಂಸ್ಥೆಗಳಲ್ಲಿಯೂ ಹಣ, ಕಟ್ಟಡ, ಕೀರ್ತಿ ಇವು ಚೇಗಿನಂತೆ. ಕೆಟ್ಟ ಸುದ್ದಿಯನ್ನು ಹೆದರದೆ ಹೇಳಬಹುದೆಂಬ ನಂಬಿಕೆಯೇ ಜೀವಪದರ.

ಈ ಪದರ ಎಲ್ಲಿ ಬೆಳೆಯಲು ಮೊದಲಾಗಬೇಕು? ಶಾಲೆ ಕಾಲೇಜುಗಳಲ್ಲಿಯೇ ಎಂದು ನಾವು ಹೇಳುವೆವು. ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ 9.8 ಬರಬೇಕೆಂದು ವಿದ್ಯಾರ್ಥಿಗೆ ಮೊದಲೇ ಗೊತ್ತು. ಅವನ ಅಳತೆಗೆ 9.1 ಬಂದಿತೆನ್ನೋಣ. ಅಂಕ ಹೋಗುವುದೆಂಬ ಹೆದರಿಕೆಯಿಂದ ಅವನು ಹಿಂದಿನ ಅಂಕಣಗಳನ್ನು ತಿದ್ದಿ 9.8 ತಂದುಬಿಡುತ್ತಾನೆ. ದಾರದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯಲಿಲ್ಲವೋ, ಆಂದೋಲನಗಳನ್ನು ಎಣಿಸುವಾಗ ಒಂದು ತಪ್ಪಿತೋ ಎಂದು ತಿಳಿಯುವ ಅವಕಾಶ ಅಲ್ಲಿಗೆ ಮುಗಿಯಿತು. ಈ ವಿದ್ಯಾರ್ಥಿ ನಾಳೆ ಕಾರ್ಖಾನೆಯಲ್ಲಿ ಕವಾಟವನ್ನು ಪರೀಕ್ಷಿಸುವವನಾಗುತ್ತಾನೆ, ಇಲ್ಲವೆ ಅಂಥವರ ಮೇಲಣ ಅಧಿಕಾರಿಯಾಗುತ್ತಾನೆ. ಇಂದು ತಿದ್ದಿದ ಕೈ ಅಂದು ತಿದ್ದದಿರುವುದೆ?

ತಪ್ಪು ಅವನೊಬ್ಬನದಲ್ಲ. 9.1 ಬರೆದವನಿಗೆ ಅಂಕ ಕಳೆದು, ತಿದ್ದಿ 9.8 ಬರೆದವನಿಗೆ ಪೂರ್ಣಾಂಕ ಕೊಡುವ ಪದ್ಧತಿ ಅವನನ್ನು ಹಾಗೆ ಮಾಡುತ್ತದೆ. ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ: ಅಳತೆ ಬಂದಂತೆಯೇ ಬರೆದು, ವ್ಯತ್ಯಾಸಕ್ಕೆ ತಕ್ಕ ಕಾರಣವನ್ನು ಹುಡುಕಿದ ವಿದ್ಯಾರ್ಥಿಗೆ ಪೂರ್ಣಾಂಕ ಕೊಡಿರಿ. ವಿದ್ಯಾರ್ಥಿಗಳಿಗೆ ಹೇಳುವುದೂ ಇಷ್ಟೆ: ಮುಂದಿನ ಪ್ರಯೋಗದ ತರಗತಿಯಲ್ಲಿ ಬಂದ ಬೆಲೆಯನ್ನು ಬಂದ ಹಾಗೆಯೇ ಬರೆಯಿರಿ, ಅದರ ಕೆಳಗೆ “ಹೀಗೇಕೆ ಬಂದಿತು?” ಎಂದು ಒಂದು ಸಾಲು ಸೇರಿಸಿರಿ. ಮುಂದೆ ದೊಡ್ಡ ಸಂಸ್ಥೆಯೊಂದು ನಿಮ್ಮ ಕೈಗೆ ಬಂದು, ಅದಕ್ಕೆ ಸಂಕಟವೊದಗಿದಾಗ, ನೀವು ನಿಮ್ಮ ಜನರನ್ನು ಕೇಳಬೇಕಾದುದೂ ಅದೇ ಸಾಲನ್ನು.